ಎಡಚನ ಗಣಿ

ಫೆಬ್ರವರಿ 3

ಸೋದರಮಾವನ ಲಾಡ್ಜಿನ ಮಹಡಿಯಲ್ಲಿ ಇವತ್ತು ಸಭೆ. ಊರಾಚೆಯ ಹಾಳು ಚಿನ್ನದ ಗಣಿಯನ್ನು ಪ್ರವಾಸಿಗರಿಗೆ ತೆರೆಯುತ್ತಾರಂತೆ. ನಲವತ್ತು ವರ್ಷ ಬಾವಲಿಗಳಿಗೆ ಬಿಟ್ಟುಕೊಟ್ಟಿದ್ದ ಬಿಲದ ಮೇಲೆ ಎಲ್ಲರಿಗೂ ಒಮ್ಮೆಗೇ ಪ್ರೀತಿ ಉಕ್ಕಿದೆ. ಮಾವ ಸಮಿತಿಯ ಅಧ್ಯಕ್ಷ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವವಳಾದ್ದರಿಂದ ಒಳಗೆ ಹಾಕುವ ಫಲಕಗಳನ್ನು ನಾನೇ ಬರೆಯಬೇಕು. ಕಲ್ಲು ಹೇಗೆ ಹುಟ್ಟಿತು, ಚಿನ್ನ ಹೇಗೆ ಬಂತು, ಗಣಿ ಹೇಗೆ ನಡೆಯಿತು, ಹೇಗೆ ಮುಚ್ಚಿತು.

ಕೊನೆಯದಕ್ಕೆ ಮಾವ ಆಗಲೇ ಮಾತು ಹೊಂದಿಸಿಟ್ಟಿದ್ದಾನೆ. "ಚಿನ್ನದ ಎಳೆ ಇಲ್ಲಿ ತುಂಡಾಯ್ತು. ಸರ್ವೆಯವ್ರು ಎಡಕ್ಕೆ ತೋಡಿಸಿದ್ರು, ಚಿನ್ನ ಬಲಕ್ಕೆ ನಗ್ತಾ ಕೂತಿತ್ತು. ಹಿಂಗೆ ಬರಿ. ಜನ ನಗ್ಬೇಕು, ಫೋಟೋ ತಗೋಬೇಕು" ಎಂದ. ಸಭೆಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಮುಖ ನೋಡಿ ಚಹಾ ಬಟ್ಟಲು ಹುಡುಕತೊಡಗಿದರು.

ಆ ಸರ್ವೆಯವರು ನನ್ನ ತಂದೆ. ಊರಿಗೆ ಅವರ ಹೆಸರು ಗೊತ್ತಿಲ್ಲ, ಎಡಚ ಎಂದರೆ ಗೊತ್ತು. ಶಾಲೆಯಲ್ಲಿ ನಾನು ಎಡಚನ ಮಗಳು. ಆ ಹೆಸರು ಇಟ್ಟವನೂ ಇದೇ ಮಾವ, ಅಮ್ಮನ ಸ್ವಂತ ತಮ್ಮ. ಈಗ ಅದನ್ನು ಹಿತ್ತಾಳೆಯ ಮೇಲೆ ಕೆತ್ತಿಸಿ ಟಿಕೆಟಿಟ್ಟು ತೋರಿಸುವ ಯೋಚನೆ.

ಒಪ್ಪಿಕೊಂಡು ಬಂದೆ. ಬೇರೆ ಯಾರಾದರೂ ಬರೆದರೆ ಅವನು ಹೇಳಿದ್ದನ್ನೇ ಬರೆಯುತ್ತಾರೆ. ನಾನು ಒಳಗೆ ಹೋಗಿ ಕಲ್ಲು ನೋಡಿ, ನಮ್ಮ ಮನೆಯ ಮುದುಕ ಸರಿಯಿದ್ದ ಎಂದು ರುಜುವಾತು ಮಾಡಿ, ಆ ಫಲಕವನ್ನು ಮಾವನ ಕೈಯಲ್ಲೇ ತಿಕ್ಕಿ ಹೊಳಪು ಮಾಡಿಸುತ್ತೇನೆ.

ಮನೆಗೆ ಬಂದು ಹೇಳಿದರೆ ಮುದುಕ ರೇಡಿಯೋದ ಸದ್ದು ಜಾಸ್ತಿ ಮಾಡಿದ.

ಫೆಬ್ರವರಿ 6

ಗಣಿಯೊಳಗೆ ಹೋಗಿದ್ದೆ. ಗುಡ್ಡದ ಬುಡದಿಂದ ಸಪಾಟಾಗಿ ಒಳಹೋಗುವ ಒಂದೇ ಸುರಂಗ, ಅದಕ್ಕೆ ಅಲ್ಲಲ್ಲಿ ಕವಲುಗಳು. ಕೆಳಗಿನ ಅಂತಸ್ತುಗಳೆಲ್ಲ ನೀರು ತುಂಬಿ ಮುಗಿದಿವೆ. ಸುರಂಗದ ದ್ವಾರಕ್ಕೆ ಗಣಿಯವರು ಬಾಯಿ ಎನ್ನುತ್ತಿದ್ದರು. ಅಂಥ ದೊಡ್ಡ ಬಾಯೇನಲ್ಲ, ತಲೆ ತಗ್ಗಿಸದಿದ್ದರೆ ಹಣೆಗೆ ಏಟು.

ಮೊದಲ ಫಲಕ ಬರೆದೆ. ಸುತ್ತಲಿನ ಕಪ್ಪು ಕಲ್ಲು ಒಂದು ಕಾಲಕ್ಕೆ ಕುದಿಯುವ ಲಾವಾ. ಅದು ಆರಿ, ಮಡಚಿಕೊಂಡು, ಬಿರುಕು ಬಿಟ್ಟಿತು. ಭೂಮಿಯ ಆಳದ ಬಿಸಿನೀರು ಬಿರುಕುಗಳಿಗೆ ನುಗ್ಗಿತು. ಅದರಲ್ಲಿ ಕರಗಿದ್ದ ಬೆಣಚು, ಜೊತೆಗೆ ಚೂರುಪಾರು ಚಿನ್ನ, ತಣ್ಣಗಾಗುತ್ತ ಅಲ್ಲೇ ಕೂತವು. ಅದೇ ಎಳೆ. ಒಂದು ಕಡೆ ತೊಡೆಯಷ್ಟು ದಪ್ಪ, ಇನ್ನೊಂದು ಕಡೆ ಬೆರಳಷ್ಟು. ಗಾಡಿ ತುಂಬ ಕಲ್ಲು ಕುಟ್ಟಿದರೆ ಒಂದು ಉಂಗುರದಷ್ಟು ಚಿನ್ನ, ಅದೂ ಅದೃಷ್ಟವಿದ್ದರೆ. ಬೆಟ್ಟ ಅಗೆದು ಇಲಿ ಹಿಡಿಯುವುದನ್ನು ಕಂಪನಿ ಮಾಡಿದರೆ ಅದಕ್ಕೆ ಉದ್ಯಮ ಎನ್ನುತ್ತಾರೆ.

ಕಂಪನಿಗಿಂತ ಎಷ್ಟೋ ಹಿಂದೆ ಯಾರೋ ಇಲ್ಲಿ ತೋಡಿದ್ದರು. ಕಟ್ಟಿಗೆ ಒಟ್ಟಿ ಕಲ್ಲು ಕಾಯಿಸಿ, ತಣ್ಣೀರು ಸುರಿದು ಸೀಳುತ್ತಿದ್ದರು. ನೀರಿನ ಸೆಲೆ ಸಿಕ್ಕಲ್ಲಿ ಕೈಬಿಟ್ಟು ಹೋದರು. ಕಂಪನಿ ಪಂಪು ತಂದು ಅವರು ಬಿಟ್ಟಲ್ಲಿಂದ ಶುರು ಮಾಡಿತು.

ಮಾವ ಫೋನು ಮಾಡಿ ಎಳೆಗೆ ಸ್ವಲ್ಪ ಹಳದಿ ಬಣ್ಣ ಬಳಿಸೋಣವೇ ಎಂದು ಕೇಳಿದ. ಗೋಡೆಯಲ್ಲಿ ಮಿಣಮಿಣ ಎನ್ನುವುದೆಲ್ಲ ಗಂಧಕ ಬೆರೆತ ಕಬ್ಬಿಣ, ಹುಸಿ ಚಿನ್ನ, ನಿನ್ನ ಪ್ರವಾಸಿಗರಿಗೆ ಅದೇ ಸಾಕು ಎಂದೆ. ಅವನಿಗೆ ಅದೂ ತಮಾಷೆಯೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಫೆಬ್ರವರಿ 12

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಪೆನ್ನು ಚುಚ್ಚಿ ಎರಡು ಸಲ ಕಾಗದ ಹರಿಯಿತು.

ಎಳೆ ತುಂಡಾದ ಜಾಗಕ್ಕೆ ಇವತ್ತು ಹೋದೆ. ಎಂದೋ ಭೂಮಿ ನಡುಗಿದಾಗ ಬಂಡೆ ಅಲ್ಲಿ ಸೀಳಿ, ಆಚೆಯ ಅರ್ಧ ಪಕ್ಕಕ್ಕೆ ಜಾರಿದೆ. ಎಳೆಯ ಮುಂದಿನ ಭಾಗವೂ ಅದರೊಂದಿಗೆ ಜಾರಿದೆ. ಯಾವ ಕಡೆಗೆ ಎಂಬುದೇ ಪ್ರಶ್ನೆ. ಆಗಿನ ಕಂಪನಿಗೆ ಒಂದೇ ಕಡೆ ತೋಡುವಷ್ಟು ಶಕ್ತಿ ಉಳಿದಿತ್ತು. ಒಳಗೆ ಹೋಗುವವರ ಎಡಕ್ಕೆ ತೋಡಿದರು. ಗೋಡೆಯ ಮೇಲೆ ಸುಣ್ಣದ ಬಾಣದ ಗುರುತು ಇನ್ನೂ ಇದೆ. ತಿಂಗಳುಗಟ್ಟಲೆ ಬರೀ ಕಪ್ಪು ಕಲ್ಲು ಸಿಕ್ಕಿತು, ಗಣಿ ಮುಚ್ಚಿತು.

ಬಂಡೆ ಜಾರಿದಲ್ಲಿ ಗೋಡೆ ಉಜ್ಜಿ ನುಣುಪಾಗಿರುತ್ತದೆ. ಅಂಗೈಯಿಂದ ಸವರಿದರೆ ಒಂದು ದಿಕ್ಕಿಗೆ ನಯ, ಎದುರು ದಿಕ್ಕಿಗೆ ತರಿ. ಬೆಕ್ಕಿನ ಬೆನ್ನು ಸವರಿದ ಹಾಗೆ. ಎತ್ತ ನಯವೋ ಅತ್ತ ಆಚೆಯ ಬಂಡೆ ಹೋಗಿದೆ ಎಂದರ್ಥ. ನನ್ನ ವಿದ್ಯಾರ್ಥಿಗಳು ಇದನ್ನು ಮೊದಲ ವರ್ಷದಲ್ಲೇ ಕಲಿಯುತ್ತಾರೆ.

ಸವರಿದೆ. ಬಲಕ್ಕೆ ನಯ. ಕೈ ಒರೆಸಿಕೊಂಡು ಮತ್ತೆ ಸವರಿದೆ. ಬಲಕ್ಕೇ.

ಮಾವ ಸರಿ. ಊರು ಸರಿ. ನಾನು ಚಿಕ್ಕಂದಿನಿಂದ ಯಾರ ಪರವಾಗಿ ಹುಡುಗರ ಜುಟ್ಟು ಹಿಡಿದು ಜಗಳವಾಡಿದೆನೋ ಆ ಮುದುಕನಿಗೆ ಒಮ್ಮೆ ಕೈ ಚಾಚಿ ಗೋಡೆ ಮುಟ್ಟಲು ಪುರುಸೊತ್ತಾಗಲಿಲ್ಲ.

ಫೆಬ್ರವರಿ 13

ಕೇಳಿಯೇಬಿಟ್ಟೆ. ಗೋಡೆ ಸವರಿ ನೋಡಿದ್ದಿರಾ ಎಂದು. ಮುದುಕ ಬ್ರೆಡ್ಡು ಚಹಾದಲ್ಲಿ ಅದ್ದುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಹೇಳಿದ ಕಡೆಗೇ ತೋಡಿದ್ರು" ಎಂದ.

ಅಷ್ಟೇ. ಇದೇ ಮಾತನ್ನು ಅಮ್ಮನಿಗೂ ಹೇಳುತ್ತಿದ್ದ. ಗಣಿ ಹೋದ ಮೇಲೆ ಅಮ್ಮ ಹೊಲಿಗೆ ಯಂತ್ರಕ್ಕೆ ಅಂಟಿಕೊಂಡಳು, ಇವನು ಜಲ್ಲಿ ಕ್ರಷರ್‌ನ ಗೇಟಿನಲ್ಲಿ ಲಾರಿ ತೂಗುವ ಕೆಲಸಕ್ಕೆ ಸೇರಿದ. ಅಮ್ಮ ಅವನ ಮುಖ ನೋಡಿ ಮಾತಾಡಿದ್ದು ನನಗೆ ನೆನಪಿಲ್ಲ. "ನಿಮ್ಮಪ್ಪನಿಗೆ ಹೇಳು, ಊಟ ಆಯ್ತು ಅಂತ" ಎಂದು ನನ್ನ ಮೂಲಕವೇ. ಸಾಯುವ ವಾರವೂ ಹಾಗೆಯೇ. ಇವತ್ತು ಮೊದಲ ಸಲ ಅಮ್ಮ ಮಾಡಿದ್ದು ಸರಿ ಅನ್ನಿಸಿತು.

ಫೆಬ್ರವರಿ 14

ಮುದುಕನ ಮಾತ್ರೆಗಳನ್ನು ಮೇಜಿನ ಮೇಲೆ ಕುಕ್ಕಿ ಕಾಲೇಜಿಗೆ ಹೋದೆ.

ಫೆಬ್ರವರಿ 20

ಹಳಬರು ಬೆಂಕಿ ಹಾಕಿ ತೋಡಿದ ಗುಹೆ ಎಲ್ಲಿದೆ ಎಂದು ಯಾರಿಗೂ ನೆನಪಿಲ್ಲ. ಬೇರೆ ದಾರಿಯಿಲ್ಲದೆ ಮನೆಯಲ್ಲಿ ಕೇಳಬೇಕಾಯಿತು. "ನೀರಿನ ತೊಟ್ಟಿ ದಾಟಿದ ಮೇಲೆ ಎಡಗಡೆ ಕವಲು" ಎಂದ. ಹೋದೆ. ತೊಟ್ಟಿ ದಾಟಿದ ಮೇಲೆ ಎಡಗಡೆ ಗೋಡೆಯೇ ಗೋಡೆ. ಮಂಡಿ ತರಚಿಕೊಂಡು, ಕೂದಲಲ್ಲಿ ಬಾವಲಿ ಹಿಕ್ಕೆ ಹೊತ್ತುಕೊಂಡು ಬಂದು, ನಿಮಗೆ ಎಡ ಬಲ ಹುಟ್ಟಿನಿಂದಲೇ ಗೊತ್ತಿಲ್ಲವೋ ಅಥವಾ ನನ್ನ ಮೇಲೆ ಸೇಡೋ ಎಂದು ಕೂಗಾಡಿದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಬಾಯಿ ಕಡೆ ಮುಖ ಮಾಡ್ಕೊಂಡ್ಯಾ?" ಎಂದ.

ಗಣಿಯೊಳಗೆ ಎಡ ಬಲ ಎಂದರೆ ಬೆಳಕಿನ ಕಡೆಗೆ, ಅಂದರೆ ಹೊರಹೋಗುವ ದಿಕ್ಕಿಗೆ ಮುಖ ಮಾಡಿದವನ ಎಡ ಬಲವಂತೆ. ಎಲ್ಲಿ ಎತ್ತ ತಿರುಗಿ ನಿಂತಿದ್ದರೂ ಸರಿ. ಕಲ್ಲು ಬೀಳುವಾಗ ಓಡುವವನು ನಿಂತು ಯೋಚಿಸಬಾರದು, ಅದಕ್ಕೆ. ಹೊರಗೆ ಬಂದರೆ ಎಲ್ಲರ ಹಾಗೆ. ಒಳಗೆ ಕೆಲಸಕ್ಕೆ ಇಳಿದವನಿಗೆ ಮೊದಲ ದಿನ ಕಲಿಸುವ ಪಾಠವೇ ಅದು. ಬಹಳ ದಿನಗಳ ಮೇಲೆ ಇಷ್ಟು ಉದ್ದ ಮಾತಾಡಿದ. ಆಮೇಲೆ ಥಟ್ಟನೆ ಏನೋ ನೆನಪಾದವನಂತೆ ಮಾತು ನಿಲ್ಲಿಸಿ, ಗೋಡೆಯ ಕಡೆ ತಿರುಗಿ ಮಲಗಿದ.

ಫಲಕಕ್ಕೆ ಒಳ್ಳೆಯ ಸಂಗತಿ. ಬರೆದುಕೊಂಡೆ. ಮಂಡಿಗೆ ಮುಲಾಮು ಹಚ್ಚಬೇಕು.

ಫೆಬ್ರವರಿ 21

ತರಗತಿಯಲ್ಲಿ ಪಾಠದ ನಡುವೆ ಸೀಮೆಸುಣ್ಣ ಕೆಳಗಿಟ್ಟೆ. ಕಪ್ಪು ಹಲಗೆಗೆ ಬೆನ್ನು ಹಾಕಿ ಬಾಗಿಲೇ ಗಣಿಯ ಬಾಯಿ ಎಂದುಕೊಂಡು ಅದರ ಕಡೆ ಮುಖ ಮಾಡಿ ಎಡಗೈ ಎತ್ತಿದೆ. ಹಲಗೆಯ ಕಡೆ ತಿರುಗಿದವರಿಗೆ ಅದು ಬಲ.

ಅಪ್ಪ ಎಡಕ್ಕೆ ಎಂದೇ ಹೇಳಿದ್ದರೆ ಸರಿಯಾಗಿಯೇ ಹೇಳಿದ್ದರು.

ಫೆಬ್ರವರಿ 22

ರೇಡಿಯೋ ಆರಿಸಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಇವತ್ತು ಹೇಳದಿದ್ದರೆ ಊಟ ಹಾಕುವುದಿಲ್ಲ ಎಂದೆ. ಊಟ ಬೇಡ ಎಂದರು. ನನಗೂ ಬೇಡ ಎಂದೆ. ಮಧ್ಯಾಹ್ನ ದಾಟುವ ಹೊತ್ತಿಗೆ ಹೇಳಿದರು.

ಅದಿರಿನ ಗಾಡಿ ಹರಿದು ಅಪ್ಪನ ಕಾಲು ಮುರಿದಿತ್ತು. ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದರು. ಅವರ ಜಾಗವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಿದ್ದವನು ಮಾವ. ಅಪ್ಪನೇ ಶಿಫಾರಸು ಮಾಡಿ ಕಂಪನಿಯ ಉಗ್ರಾಣದಲ್ಲಿ ಗುಮಾಸ್ತನಾಗಿ ಸೇರಿಸಿದ್ದರು. ಅಲ್ಲಿಯವರೆಗೆ ಸುರಂಗದೊಳಗೆ ಕಾಲಿಟ್ಟವನಲ್ಲ. ಎಳೆ ತುಂಡಾಗಿದೆ, ಯಾವ ಕಡೆ ಎಂದು ಮಂಚದ ಹತ್ತಿರ ಬಂದು ಕೇಳಿದ. ಅಪ್ಪ ಕಾಲು ಮುರಿಯುವ ಮೊದಲೇ ಗೋಡೆ ಸವರಿ ನೋಡಿದ್ದರು. ಎಡಕ್ಕೆ ಎಂದರು. ಅವನು ಹೋಗಿ ಒಳಮುಖವಾಗಿ ನಿಂತು ತನ್ನ ಎಡಕ್ಕೆ ಸುಣ್ಣದಲ್ಲಿ ಬಾಣ ಎಳೆದ. ಕೆಲಸದವರು ಬಾಣ ನೋಡಿ ತೋಡಿದರು.

ಅಪ್ಪ ಊರುಗೋಲು ಹಿಡಿದು ವಾಪಸು ಬಂದ ದಿನವೇ ಕಂಪನಿ ಕೆಲಸ ನಿಲ್ಲಿಸಿತು. ಬಾಯಿಯ ಮುಂದೆ ಜನ ಸೇರಿದ್ದರು, ಕೈಯಲ್ಲಿ ಕಲ್ಲಿತ್ತು. ಯಾರು ಹೇಳಿದ್ದು ಈ ಕಡೆಗೆ ಎಂದು ಕೇಳಿದರು.

"ನಿಮ್ಮಮ್ಮ ಏಳು ತಿಂಗಳ ಬಸುರಿ, ನೀನು ಹೊಟ್ಟೆಲಿದ್ದೆ. ನಿಮ್ಮ ಮಾವ ನನ್ನ ಬೆನ್ನ ಹಿಂದೆ ನಡುಗ್ತಾ ನಿಂತಿದ್ದ, ಇನ್ನೂ ಮೀಸೆ ಸರಿಯಾಗಿ ಬಂದಿರ್ಲಿಲ್ಲ. ನಾನು ಹೇಳಿದ ಕಡೆಗೇ ತೋಡಿದ್ದಾರೆ ಅಂದೆ. ಸಿಟ್ಟು ಇಳಿದ ಮೇಲೆ ನಿಜ ಹೇಳೋಣ ಅಂದ್ಕೊಂಡೆ. ಇಳೀಲೇ ಇಲ್ಲ."

ಮಾರನೆಯ ದಿನ ಮಾಲೀಕರ ಬಳಿ ಹೋಗಿ ಇನ್ನೊಂದು ಕಡೆ ಒಂದು ಸಲ ತೋಡಿ ನೋಡಿ ಎಂದು ಬೇಡಿಕೊಂಡರಂತೆ. ಒಂದು ಸಲ ಮುಳುಗಿಸಿದವನ ಮಾತು ಎರಡನೇ ಸಲ ಯಾರು ಕೇಳುತ್ತಾರೆ? ಗಣಿಯವರು ಕೆಲಸ ಹುಡುಕಿಕೊಂಡು ದಿಕ್ಕಿಗೊಬ್ಬರಾದರು. ಎಡಚ ಎಂಬ ಹೆಸರನ್ನು ಜೋಪಾನವಾಗಿ ಉಳಿಸಿಕೊಂಡದ್ದು ಅಂಗಡಿ ಬೀದಿ.

ಅಮ್ಮನಿಗೆ ಗೊತ್ತಿತ್ತಾ ಎಂದು ಕೇಳಿದೆ. ಇಲ್ಲ ಎಂದರು. ಗೊತ್ತಾಗಿದ್ದರೆ ತಮ್ಮನನ್ನು ಹೊಸಲು ದಾಟಲು ಬಿಡುತ್ತಿರಲಿಲ್ಲವಂತೆ, ತವರು ಅಂತ ಅವಳಿಗಿದ್ದದ್ದು ಅವನೊಬ್ಬನೇ.

ನಾನು ಎದ್ದು ಕಿರುಚಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೆ. ಒಬ್ಬನನ್ನು ಉಳಿಸಲು ನೂರು ಮನೆಯ ಒಲೆ ಆರಿಸಿದಿರಿ ಎಂದೆ. ಅಮ್ಮ ನಿಮ್ಮನ್ನು ದ್ವೇಷಿಸುತ್ತಲೇ ಸತ್ತಳು, ಅದೂ ಸುಳ್ಳು ಕಾರಣಕ್ಕೆ ಎಂದೆ. ಮೌನ ಬಂಗಾರವಂತೆ. ಆ ಗಣಿಯಿಂದ ನಮ್ಮ ಮನೆಗೆ ಬಂದ ಬಂಗಾರ ಅದೊಂದೇ.

ಅಪ್ಪ ಎಲ್ಲ ಕೇಳಿಸಿಕೊಂಡರು. ಕೊನೆಗೆ ಇಷ್ಟೇ: "ಅವನಿಗೆ ಹೇಳ್ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಯಾಕೆ ಕೊಟ್ಟೆನೋ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರಲ್ಲ, ಕೋಪದಲ್ಲಿ ಕೊಟ್ಟ ಮಾತೂ ಹಾಗೆಯೇ.

ಅನ್ನ ತಣ್ಣಗಾಗಿತ್ತು. ಬಿಸಿ ಮಾಡಿ ಇಬ್ಬರೂ ತಿಂದೆವು.

ಫೆಬ್ರವರಿ 25

ಆ ವಿಷಯ ಹೇಳದೆಯೇ ಮಾವನ ಮುಖಕ್ಕೆ ಎರಡು ಮಾತು ಉಗಿದು ಬರೋಣ ಎಂದು ಲಾಡ್ಜಿಗೆ ಹೋದೆ. ಮುಂದಿನ ಕಟ್ಟೆಯ ಮೇಲೆ ಕೂತು ಹೆಲ್ಮೆಟ್ಟುಗಳ ಪಟ್ಟಿ ಬಿಗಿಯುತ್ತಿದ್ದ. ನಲವತ್ತು ವರ್ಷ ನನ್ನ ಅಪ್ಪನನ್ನು ಎಡಚ ಎಂದು ಆಡಿಕೊಂಡಿದ್ದು ಸಾಲದೇ, ಈಗ ಹಿತ್ತಾಳೆಯಲ್ಲೂ ಬೇಕಾ ಎಂದೆ.

ಅವನ ಮುಖ ಸಣ್ಣದಾಯಿತು. ಹೆಲ್ಮೆಟ್ಟು ಕೆಳಗಿಟ್ಟ.

"ನಿಂಗೆ ಗೊತ್ತಿಲ್ಲ ಕಣಮ್ಮ. ಆವತ್ತು ಜನ ಕಲ್ಲು ಎತ್ಕೊಂಡಿದ್ರು. ಭಾವ ಹೋಗಿ ನಾನೇ ಹೇಳಿದ್ದು ಅಂದ್ಬಿಟ್ಟ, ಎಂಥಾ ಪೆದ್ದ. ನಾನು ಅವನ ಬೆನ್ನ ಹಿಂದಿಂದ ಮುಂದೆ ಬಂದು, ಲೇ ಇವನು ಎಡಚ ಕಣ್ರೋ, ಊಟಾನೂ ಎಡಗೈಲೇ ಮಾಡ್ತಾನೆ, ಇವನನ್ನ ಕೇಳೋಕೆ ಹೋದ್ರಲ್ಲ ಅಂದೆ. ಯಾರೋ ಒಬ್ಬ ನಕ್ಕ. ಆಮೇಲೆ ಎಲ್ರೂ ನಕ್ರು. ನಗೋರು ಕಲ್ಲು ಹೊಡೆಯಲ್ಲ. ಅದಕ್ಕೇ ಆ ತಮಾಷೆನ ಇವತ್ತಿನವರೆಗೂ ಬಿಟ್ಟಿಲ್ಲ ನಾನು. ನಿಮ್ಮಪ್ಪನ ಜೀವ ಉಳಿಸಿದ್ದು ಆ ಹೆಸರು."

ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು, ಹೆಮ್ಮೆಯೂ ಇತ್ತು. ಉಗಿಯಲು ಹೋದವಳು ಬಾಯಿ ಮುಚ್ಚಿಕೊಂಡು ಬಂದೆ. ದಾರಿಯಲ್ಲಿ ಒಂದು ನಾಯಿಗೆ ಸುಮ್ಮನೆ ಬೈದೆ.

ಇವನು ಅವರನ್ನು ಕಾಪಾಡಿದನಂತೆ, ಅವರು ಇವನನ್ನು ಕಾಪಾಡಿದರಂತೆ. ನಡುವೆ ನಾನೂ ಅಮ್ಮನೂ ಬೀದಿಗೆ ಬಿದ್ದೆವು. ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಡಿಕ್ಕಿ ಹೊಡೆಸಬೇಕು.

ಮಾರ್ಚ್ 1

ಕೊನೆಯ ಫಲಕ ಬರೆದು ಕೆತ್ತುವವನಿಗೆ ಕೊಟ್ಟುಬಂದೆ. ಮಾವನಿಗೆ ತೋರಿಸಲಿಲ್ಲ. ಚೆನ್ನಾಗಿ ಬಂದಿದೆ, ತೆರೆಯುವ ದಿನ ನೀನೇ ಜೋರಾಗಿ ಓದು ಎಂದೆ. ಹಿಗ್ಗಿಹೋದ.

*ಈ ಗಣಿಯೊಳಗೆ ಎಡ, ಬಲ ಎಂಬ ಮಾತುಗಳನ್ನು ಬಾಯಿಯ ಕಡೆಗೆ ಮುಖ ಮಾಡಿದವರ ಲೆಕ್ಕದಲ್ಲಿ ಹೇಳುವ ರೂಢಿಯಿತ್ತು. ಚಿನ್ನದ ಎಳೆ ಇಲ್ಲಿ ತುಂಡಾದಾಗ ಸರ್ವೆಯವರು ಎಡಕ್ಕೆ ತೋಡಿ ಎಂದರು.*

ಒಂದಕ್ಷರ ಸುಳ್ಳಿಲ್ಲ. ಯಾರ ಹೆಸರೂ ಇಲ್ಲ. ಹೇಳುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ, ಬರೆಯುವುದಿಲ್ಲ ಎಂದಲ್ಲ.

ಮಾರ್ಚ್ 4

ಅಪ್ಪನ ಕೆಮ್ಮು ಜಾಸ್ತಿ. ಕಾಲೇಜಿಗೆ ರಜೆ ಹಾಕಿದೆ. ಅವರು ಗೋಡೆ ಸವರುವ ರೀತಿಯನ್ನು ಮೇಜಿನ ಮೇಲೆ ತೋರಿಸಿದರು. ಅಂಗೈಯಿಂದಲ್ಲವಂತೆ, ಮುಂಗೈಯಿಂದ. ಅಂಗೈ ಕೆಲಸ ಮಾಡಿ ದಡ್ಡುಗಟ್ಟಿರುತ್ತದೆ, ಅದಕ್ಕೆ ಏನೂ ತಿಳಿಯುವುದಿಲ್ಲ. ಹಾಗಿದ್ದರೆ ಪುಸ್ತಕದಲ್ಲಿ ಅಂಗೈ ಎಂದು ಬರೆದವರು ಕೈಕೆಲಸ ಮಾಡಿದವರಲ್ಲವೇನೋ ಎಂದೆ. ಇಬ್ಬರೂ ನಕ್ಕೆವು.

ಫಲಕದ ವಿಷಯ ಮಾತ್ರ ಅವರಿಗೆ ಹೇಳಲಿಲ್ಲ. ಹೊರಗೆ ಬಂದು, ಅದನ್ನು ನಿಲ್ಲಿಸು ಎನ್ನಲು ಕೆತ್ತುವವನಿಗೆ ಫೋನು ಮಾಡಿದೆ. ಕೆಲಸ ಮುಗಿದು ಗೋಡೆಗೆ ಕೂರಿಸಿ ಆಗಿದೆಯಂತೆ.

ಮಾರ್ಚ್ 9

ಇವತ್ತು ತೆರೆದರು. ಸುಮಾರು ಜನ ಬಂದಿದ್ದರು. ಮಾವ ಹೊಸ ಕೋಟು ಹಾಕಿ, ಹೆಲ್ಮೆಟ್ಟು ಹಾಕಿ, ಪ್ರತಿ ಫಲಕದ ಮುಂದೆ ನಿಂತು ಓದಿದ. ಹುಸಿ ಚಿನ್ನಕ್ಕೆ ಮಕ್ಕಳು ಮುಗಿಬಿದ್ದರು. ಕೊನೆಯ ಫಲಕದ ಮುಂದೆ ಅವನು ಗಂಟಲು ಸರಿಪಡಿಸಿಕೊಂಡು, ಈಗ ನಮ್ಮ ಊರಿನ ದೊಡ್ಡ ತಮಾಷೆ ಎಂದು ಶುರು ಮಾಡಿದ.

ಮೊದಲ ವಾಕ್ಯ ಜೋರಾಗಿ ಓದಿದ. ಎರಡನೆಯದನ್ನು ಓದುತ್ತ ದನಿ ಇಳಿಯಿತು. ಕೊನೆಯ ಎರಡು ಶಬ್ದ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅವನು ಜನರೆಲ್ಲರ ಎದುರಿಗೆ ನಿಧಾನವಾಗಿ ಬೆಳಕಿನ ಕಡೆ ತಿರುಗಿದ. ಎಡಗೈಯನ್ನು ಸ್ವಲ್ಪವೇ ಎತ್ತಿದ. ಆ ಕೈ ಯಾರೂ ತೋಡದ ಗೋಡೆಯ ಕಡೆ ಇತ್ತು. ಬೆನ್ನ ಹಿಂದೆ, ಇನ್ನೊಂದು ಕಡೆ, ಅವನೇ ಎಳೆದ ಸುಣ್ಣದ ಬಾಣ. ಹಾಗೆಯೇ ನಿಂತಿದ್ದ. ಯಾರೋ ಫೋಟೋ ತೆಗೆದರು.

ಈ ಕ್ಷಣಕ್ಕೆ ನಾನು ಕಾದಿದ್ದೆ. ಬಂದಾಗ ಫೋಟೋ ತೆಗೆಯುವವರಿಗೆ ಅಡ್ಡ ನಿಂತೆ.

ಉಳಿದವರನ್ನು ನಾನೇ ಹೊರಗೆ ಕರೆದುಕೊಂಡು ಬಂದೆ. ಮಾವ ಯಾರ ಜೊತೆಯೂ ಮಾತಾಡದೆ, ಹೆಲ್ಮೆಟ್ಟು ತಲೆಯ ಮೇಲಿರುವಂತೆಯೇ, ಬಿಸಿಲಿನಲ್ಲಿ ನಮ್ಮ ಮನೆಗೆ ನಡೆದ. ನಾನು ಹಿಂದೆ ಓಡಿದೆ.

ಅಪ್ಪ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದರು. ಮಾವನ ಮುಖ ನೋಡಿದವರು ನನ್ನ ಮುಖ ನೋಡಿದರು. ಆ ನೋಟ ನಾನು ಮರೆಯುವುದಿಲ್ಲ. ಅಷ್ಟು ವರ್ಷ ಊರಿನ ಮೇಲೆ ಬಾರದ ಸಿಟ್ಟು ಅವರಿಗೆ ನನ್ನ ಮೇಲೆ ಬಂದಿತ್ತು.

ಮಾವ ಕೂರಲಿಲ್ಲ. "ಭಾವ, ಒಂದೇ ಮಾತು ಹೇಳು. ಆವತ್ತು ನೀನು ಎಡಕ್ಕೆ ಅಂದಿದ್ದು ಯಾವ ಕಡೆ ಮುಖ ಮಾಡಿ?"

ಅಪ್ಪ ಕೈ ಚಾಚಿ ಅವನನ್ನು ಮಂಚಕ್ಕೆ ಎಳೆದು ಕೂರಿಸಿಕೊಂಡರು.

"ಆಸ್ಪತ್ರೆ ಮಂಚದಲ್ಲಿ ಅಂಗಾತ ಮಲಗಿದ್ದೆ ಕಣೋ. ಸೂರಿನ ಕಡೆ ಮುಖ."